ನಾಗರಹೊಳೆಯ ನಾಲ್ಕು ಜಿಂಕೆಗಳು



ಮಾರ್ಚ್ ತಿಂಗಳು ಬಂತೆಂದರೆ ಸಾಕು, ನಮ್ಮ ಸಂಘದ ಗ್ರಂಥಾಲಯದಲ್ಲಿ ನಿಮ್ಮಲ್ಲಿ ಒಬ್ಬರಲ್ಲ ಒಬ್ಬರು ನನ್ನನ್ನು ಹಿಡಿದು ನಿಲ್ಲಿಸುತ್ತೀರಿ. "ಆಂಟೀ, ನೀವು ಕಾಡಿನಲ್ಲಿ ಕ್ಯಾಂಪಿಗೆ ಹೋಗಿದ್ದಿರಂತೆ, ಹುಲಿ ನೋಡಿದಿರಾ?" ಎಂದು ಕೇಳುತ್ತೀರಿ. ಇಲ್ಲ ಎಂದರೆ ನಿಮ್ಮ ಮುಖ ಸಣ್ಣದಾಗುತ್ತದೆ. ಹತ್ತು ದಿನ ಕಾಡಿನಲ್ಲಿ ನಡೆದು ಹುಲಿ ನೋಡದೆ ಬಂದವಳ ಹತ್ತಿರ ಕೇಳಲು ಇನ್ನೇನಿದೆ ಎಂದು ನೀವು ಕಪಾಟಿನ ಕಡೆಗೆ ತಿರುಗುತ್ತೀರಿ. ನಿಮ್ಮ ತಪ್ಪಲ್ಲ. 1996ರ ಮೇ ತಿಂಗಳಲ್ಲಿ ಡೊಂಬಿವಲಿಯ ಮನೆಯಿಂದ ಚೀಲ ಹೊತ್ತು ಹೊರಟಾಗ ನನ್ನ ತಲೆಯಲ್ಲೂ ಇದ್ದದ್ದು ಹುಲಿಯೇ.

ಹುಲಿಯನ್ನು ನಾನು ನೋಡಲಿಲ್ಲ. ನಾಲ್ಕು ಜಿಂಕೆಗಳನ್ನೂ ನೋಡಲಿಲ್ಲ. ಆದರೆ ಆ ನಾಲ್ಕು ಜಿಂಕೆಗಳನ್ನು ನೋಡಿದೆನೆಂದು ಬರೆದುಬಿಟ್ಟೆ. ಈ ವಿಷಯವನ್ನು ಇಷ್ಟು ವರ್ಷ ಸಭೆಯಲ್ಲಾಗಲೀ ಬರವಣಿಗೆಯಲ್ಲಾಗಲೀ ಹೇಳಿದವಳಲ್ಲ. ಈ ಸಲ ನಿಮ್ಮಲ್ಲಿ ಮೂವರು ಬೇಸಿಗೆಯ ಶಿಬಿರಕ್ಕೆ ಹೊರಟಿದ್ದೀರೆಂದು ತಿಳಿಯಿತು. ಆದ್ದರಿಂದ ಹೇಳುತ್ತಿದ್ದೇನೆ.

ಆಗ ನನಗೆ ಹತ್ತೊಂಬತ್ತು. ಬಿ.ಎಸ್ಸಿ. ಎರಡನೆಯ ವರ್ಷ ಮುಗಿದಿತ್ತು. ಬೆಂಗಳೂರಿನ ಒಂದು ಸ್ವಯಂಸೇವಾ ಬಳಗದವರು ಕಾಡುಪ್ರಾಣಿಗಳನ್ನು ಎಣಿಸುವ ವಿಧಾನವನ್ನು ವಿದ್ಯಾರ್ಥಿಗಳಿಗೆ ಕಲಿಸುವ ಶಿಬಿರವೊಂದನ್ನು ನಾಗರಹೊಳೆಯಲ್ಲಿ ಏರ್ಪಡಿಸಿದ್ದರು. ನಮ್ಮ ಕಾಲೇಜಿನ ಫಲಕದ ಮೇಲೆ ಅದರ ಚೀಟಿ ಅಂಟಿಸಿದ್ದರು. ಅಪ್ಪನಿಗೆ ಇಷ್ಟವಿರಲಿಲ್ಲ. "ಊರಿಗೆ ಹೋಗಿ ಅಜ್ಜಿಯ ಜೊತೆ ಇದ್ದು ಬರುವುದು ಬಿಟ್ಟು ಇದೆಂಥ ಕಾಡು ಸುತ್ತುವ ಮರುಳು" ಎಂದರು. ನಮ್ಮ ಊರು ಕುಂದಾಪುರದ ಹತ್ತಿರ. ಆಗಿನ್ನೂ ಕೊಂಕಣ ರೈಲು ಪೂರ್ತಿಯಾಗಿರಲಿಲ್ಲ, ಊರಿಗೆ ಹೋಗುವುದೆಂದರೆ ಬಸ್ಸಿನಲ್ಲಿ ಮೈ ನುಗ್ಗಾಗುವ ಪ್ರಯಾಣ. ಕೊನೆಗೆ ಅಮ್ಮ, "ಕರ್ನಾಟಕದ ಒಳಗೇ ಅಲ್ಲವೇ, ಕನ್ನಡದ ಜನರ ನಡುವೆಯೇ ಇರುತ್ತಾಳಲ್ಲ" ಎಂದು ಒಪ್ಪಿಸಿದಳು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಮೈಸೂರು, ಅಲ್ಲಿಂದ ಹುಣಸೂರು. ಹುಣಸೂರಿನಿಂದ ಕುಟ್ಟದ ಬಸ್ಸು ವೀರನಹೊಸಹಳ್ಳಿಯ ಗೇಟು ದಾಟಿ ಕಾಡಿನ ನಡುವೆ ಇಳಿಸಿತು.

ಕನ್ನಡದ ಜನರ ನಡುವೆ ಎಂದು ಅಮ್ಮ ಅಂದಿದ್ದಳಲ್ಲ, ಅದರ ಕಥೆ ಕೇಳಿ. ಶಿಬಿರದಲ್ಲಿ ನಾವು ಹದಿನಾಲ್ಕು ಮಂದಿ ಇದ್ದೆವು. ಹೆಚ್ಚಿನವರು ಬೆಂಗಳೂರು ಮೈಸೂರಿನ ಕಾಲೇಜಿನವರು, ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ, ಹರಟೆಯೂ ಇಂಗ್ಲಿಷಿನಲ್ಲಿ. ಕನ್ನಡ ಬೇಕಾಗುತ್ತಿದ್ದುದು ಅಡುಗೆಯವರ ಜೊತೆ ಮತ್ತು ನಮ್ಮೊಡನೆ ನಡೆಯಲು ಬರುತ್ತಿದ್ದ ಕಾವಲುಗಾರರ ಜೊತೆ ಮಾತ್ರ. ನನ್ನ ಪಾಲಿಗೆ ಬಂದವರು ಜೇನು ಕುರುಬರ ಒಬ್ಬ ಹಿರಿಯರು. ದಿನಗೂಲಿಯ ಮೇಲೆ ವಾಚರ್ ಕೆಲಸ ಮಾಡುತ್ತಿದ್ದರು. ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಮೊದಲ ದಿನ "ಬೊಂಬಾಯಿ ಅವ್ವ" ಎಂದರು, ಎರಡನೆಯ ದಿನದಿಂದ ಬರಿಯ "ಅವ್ವ".

ಕುಂದಾಪುರದ ಮನೆಮಾತಿಗೂ ಹುಣಸೂರಿನ ಕಾಡಿನ ಮಾತಿಗೂ ಎಷ್ಟು ದೂರ ಎಂಬುದು ಎರಡನೆಯ ಬೆಳಿಗ್ಗೆ ತಿಳಿಯಿತು. ಬಿದಿರುಮೆಳೆಯ ಪಕ್ಕದಲ್ಲಿ ಒಂದು ಕಾಟಿ ನಿಂತಿತ್ತು. ಕಾಲಿಗೆ ಬಿಳಿಯ ಕಾಲುಚೀಲ ತೊಟ್ಟಂತೆ ಕಾಣುವ ಆ ಭಾರಿ ಪ್ರಾಣಿ ನನ್ನ ಕಣ್ಣಿಗೆ ಮೊದಲು ಬಿತ್ತು. ಹೆಮ್ಮೆಯಿಂದ ಪಿಸುಗುಟ್ಟಿದೆ, "ಅಣ್ಣಾ, ಅಲ್ ಕಾಣಿ!" ನಮ್ಮಲ್ಲಿ ಹಾಗೆಂದರೆ ಅಲ್ಲಿ ನೋಡಿ ಎಂದು. ಅಣ್ಣನ ಕಿವಿಗೆ ಅದು "ಅಲ್ಲಿ ಕಾಣೆ" ಎಂದು ಬಿತ್ತು. ಇವಳಿಗೆ ಏನೂ ಕಾಣಲಿಲ್ಲವಂತೆ ಎಂದುಕೊಂಡು ಅವರು ಬೇರೆ ಕಡೆ ನೋಡುತ್ತ ಮುಂದೆ ಹೆಜ್ಜೆ ಇಟ್ಟರು. ಕಾಟಿ ಒಮ್ಮೆ ಬುಸ್ಸೆಂದು ಮೆಳೆಯನ್ನೇ ಮುರಿದುಕೊಂಡು ಓಡಿತು. ಆಮೇಲೆ ವಿಷಯ ತಿಳಿದಾಗ ಅವರು ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಕಾಡಿನ ಸಾಲಿನಲ್ಲಿ ಸದ್ದು ಮಾಡುವಂತಿಲ್ಲ ನೋಡಿ.

ಸಾಲು ಎಂದೆ. ಅದೇನೆಂದು ಹೇಳದಿದ್ದರೆ ಮುಂದಿನ ಮಾತು ನಿಮಗೆ ಅರ್ಥವಾಗುವುದಿಲ್ಲ. ಕಾಡಿನಲ್ಲಿ ಎಷ್ಟು ಜಿಂಕೆ, ಎಷ್ಟು ಕಡವೆ, ಎಷ್ಟು ಕಾಟಿ ಇವೆಯೆಂದು ಒಂದೊಂದನ್ನೂ ಹಿಡಿದು ಎಣಿಸಲು ಯಾರಿಂದಲೂ ಸಾಧ್ಯವಿಲ್ಲ. ಹಾಗಾಗಿ ಕಾಡಿನ ಅಡ್ಡಕ್ಕೆ ನೇರವಾದ ಕಾಲುದಾರಿಗಳನ್ನು ಸವರಿ ಇಡುತ್ತಾರೆ. ನಮ್ಮ ಸಾಲು ಸುಮಾರು ಮೂರು ಕಿಲೋಮೀಟರಿನದು. ಬೆಳಿಗ್ಗೆ ಬೆಳಕು ಹರಿಯುತ್ತಿದ್ದಂತೆ ಇಬ್ಬರು ಅದರ ಮೇಲೆ ನಿಧಾನವಾಗಿ, ಮದುವೆಯ ದಿಬ್ಬಣಕ್ಕಿಂತಲೂ ನಿಧಾನವಾಗಿ, ನಡೆಯಬೇಕು. ಸಂಜೆ ಮತ್ತೊಮ್ಮೆ. ಪ್ರಾಣಿ ಕಂಡರೆ ನಿಂತು ನಾಲ್ಕು ವಿಷಯ ಬರೆಯಬೇಕು: ಯಾವ ಪ್ರಾಣಿ, ಗುಂಪಿನಲ್ಲಿ ಎಷ್ಟು, ನಮ್ಮಿಂದ ಎಷ್ಟು ದೂರ, ಸಾಲಿನಿಂದ ಎಷ್ಟು ಕೋನದಲ್ಲಿ. ದೂರಕ್ಕೆ ಒಂದು ಅಳೆಯುವ ದುರ್ಬೀನು, ಕೋನಕ್ಕೆ ಕಂಪಾಸು. ಜಿಂಕೆ 40 ಮೀಟರ್ ದೂರದಲ್ಲಿ, 30 ಡಿಗ್ರಿ ಕೋನದಲ್ಲಿ ನಿಂತಿದ್ದರೆ ಅದು ಸಾಲಿನಿಂದ ನೇರ ಅಡ್ಡಕ್ಕೆ 20 ಮೀಟರ್ ಆಚೆ ಇದೆ. ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಸೈನು ಕೊಸೈನು ಯಾವ ಉಪಯೋಗಕ್ಕೆ ಎಂದು ಗೊಣಗಿದವಳು ನಾನು. ಅದರ ಉಪಯೋಗ ನಾಗರಹೊಳೆಯಲ್ಲಿ ಸಿಕ್ಕಿತು.

ಇದರ ಒಳಗಿನ ಯುಕ್ತಿ ಬಹಳ ಸೊಗಸಾದದ್ದು. ಸಾಲಿನ ಮೇಲೆಯೇ ನಿಂತ ಪ್ರಾಣಿ ನಿಮ್ಮ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ. ದೂರ ಹೋದಷ್ಟೂ ಪೊದೆ, ಮರ, ಬಿದಿರು ಅಡ್ಡ ಬಂದು ಹೆಚ್ಚು ಹೆಚ್ಚು ಪ್ರಾಣಿಗಳು ತಪ್ಪಿಹೋಗುತ್ತವೆ. ನಾವು ಬರೆದ ದೂರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಕಾಣುವುದು ಹೇಗೆ ಕಡಿಮೆಯಾಗುತ್ತ ಹೋಗುತ್ತದೆ ಎಂಬುದರಿಂದ, ಕಾಣದೆ ಉಳಿದವು ಎಷ್ಟು ಎಂದು ಲೆಕ್ಕ ಹಾಕಬಹುದು. ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದರೆ ಕಾಣದ್ದೂ ಲೆಕ್ಕಕ್ಕೆ ಸಿಗುತ್ತದೆ. ಜಿಂಕೆ ಎಣಿಸುವುದೇಕೆ, ಹುಲಿ ಎಣಿಸಿದರೆ ಸಾಲದೇ ಎಂದು ನಾನೂ ಕೇಳಿದ್ದೆ. ಒಂದು ಹುಲಿ ವರ್ಷಕ್ಕೆ ಜಿಂಕೆಯಷ್ಟು ಗಾತ್ರದ ಸುಮಾರು 50 ಪ್ರಾಣಿಗಳನ್ನು ತಿನ್ನುತ್ತದೆ. ಅಷ್ಟನ್ನು ತಿಂದ ಮೇಲೂ ಹಿಂಡು ಕರಗದೆ ಉಳಿಯಬೇಕಾದರೆ ಸುತ್ತ ಸುಮಾರು 500 ಇರಬೇಕು. ಬೇಟೆಯ ಪ್ರಾಣಿ ಇಲ್ಲದ ಕಾಡಿನಲ್ಲಿ ಕೋವಿಯ ಸದ್ದೇ ಇಲ್ಲದೆಯೂ ಹುಲಿ ಮುಗಿದುಹೋಗುತ್ತದೆ.

ಮೊದಲ ನಾಲ್ಕು ದಿನ ಅಭ್ಯಾಸ. ರಾಗಿಮುದ್ದೆಯನ್ನು ಅಗಿಯದೆ ನುಂಗುವ ಅಭ್ಯಾಸವೂ ಅದರಲ್ಲಿ ಸೇರಿತ್ತು. ರಾತ್ರಿ ಕಾಲಿನಿಂದ ಉಣ್ಣಿ ಕೀಳುವ ಅಭ್ಯಾಸ ಬೇರೆ. ದನಕ್ಕೆ ಹತ್ತುವ ಆ ಹುಳು ಬೇಸಿಗೆಯ ಕಾಡಿನಲ್ಲಿ ಮನುಷ್ಯನನ್ನೂ ಬಿಡುವುದಿಲ್ಲ. ಒಂದು ಸಂಜೆ ಅಣ್ಣ ಇದ್ದಕ್ಕಿದ್ದಂತೆ ನಿಂತು ಮೂಗು ಎತ್ತಿದರು, ಮಾತಾಡದೆ ನನ್ನ ತೋಳು ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿದರು. ಇನ್ನೂರು ಹೆಜ್ಜೆ ಬಂದ ಮೇಲೆ "ಆನೆ, ಮರಿ ಅದೆ" ಎಂದರು. ನನಗೆ ಕಂಡದ್ದು ಬರಿಯ ತೇಗದ ಮರಗಳು.

ಐದನೆಯ ದಿನದಿಂದ ನಿಜವಾದ ಎಣಿಕೆ. ಹಾಳೆಗಳು ಇಂಗ್ಲಿಷಿನಲ್ಲಿ ಅಚ್ಚಾಗಿದ್ದವು. ಬರೆಯಲು ಪೆನ್ಸಿಲು, ಆದರೆ ರಬ್ಬರು ಇಟ್ಟುಕೊಳ್ಳುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಣ್ಣ ಸಹಿ ಹಾಕಬೇಕು, ತಪ್ಪು ಹಾಗೆಯೇ ಕಾಣುತ್ತಿರಬೇಕು. ಕೆಳಗೆ ನಡೆದ ಇಬ್ಬರ ಸಹಿ. ಅಣ್ಣನಿಗೆ ಓದು ಬಾರದು. ವಯಸ್ಕರ ಶಾಲೆಯಲ್ಲಿ ತಮ್ಮ ಹೆಸರಷ್ಟನ್ನು ಬರೆಯಲು ಕಲಿತಿದ್ದರು. ಸಾಲು ಮುಗಿಯುವಲ್ಲಿ ಒಂದು ಮತ್ತಿಮರವಿತ್ತು, ಅದರ ಬುಡದಲ್ಲಿ ಕೂತು, ಪೆನ್ಸಿಲನ್ನು ಉಳಿಯಂತೆ ಹಿಡಿದು, ಒಂದೊಂದೇ ಅಕ್ಷರವನ್ನು ಕೆತ್ತುತ್ತಿದ್ದರು.

ಆರನೆಯ ದಿನದ ಬೆಳಿಗ್ಗೆ ನಮ್ಮ ಸಾಲಿನಲ್ಲಿ ಏನೂ ಕಾಣಲಿಲ್ಲ. ಒಂದು ಕಾಡುಕೋಳಿ ಕೂಡ ಇಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಉಳಿದ ತಂಡಗಳು ಹಾಳೆ ತುಂಬಿಸಿಕೊಂಡು ಬಂದಿದ್ದವು. ಒಬ್ಬ ಹುಡುಗ ಸೀಳುನಾಯಿಗಳ ಹಿಂಡು ನೋಡಿದ್ದ. ನನ್ನ ಹಾಳೆಯಲ್ಲಿ ಒಂದು ಮುಸುವನ ಗುಂಪು ಬಿಟ್ಟರೆ ಇನ್ನೇನೂ ಇರಲಿಲ್ಲ. "ಬಾಂಬೆಯವರಿಗೆ ಕಾಡು ಕಾಣುವುದಿಲ್ಲ, ಲೋಕಲ್ ಟ್ರೇನು ಮಾತ್ರ ಕಾಣುತ್ತದೆ" ಎಂದು ಯಾರೋ ತಮಾಷೆ ಮಾಡಿದ್ದರು. ತಮಾಷೆಯೇ, ಆದರೆ ಹತ್ತೊಂಬತ್ತರ ವಯಸ್ಸಿನಲ್ಲಿ ತಮಾಷೆ ಎಲ್ಲಿ ಚುಚ್ಚುತ್ತದೆಂದು ನಿಮಗೆ ಗೊತ್ತಿದೆ. ಎರಡು ಕಿಲೋಮೀಟರ್ ಆಗಿದ್ದಿರಬಹುದು, ಬಲಗಡೆ ದೂರದಲ್ಲಿ ಒಂದು ಎಚ್ಚರಿಕೆಯ ಕೂಗು ಕೇಳಿತು, ತರಗೆಲೆ ಸರಸರ ಎಂದಿತು. ಜಿಂಕೆಯೇ ಇರಬೇಕು ಎಂದುಕೊಂಡೆ. ಜಿಂಕೆ ಗುಂಪಿನಲ್ಲಿರುತ್ತದೆ, ನಾಲ್ಕಾದರೂ ಇರಬೇಕು. ದೂರ 40, ಕೋನ 30. ಬರೆದೇಬಿಟ್ಟೆ. ಬರೆಯುವಾಗ ಕೈ ನಡುಗಲಿಲ್ಲ, ಅದೇ ಈಗ ನೆನೆದರೆ ಬೇಸರ.

ಮತ್ತಿಮರದ ಬುಡದಲ್ಲಿ ಹಾಳೆಯನ್ನು ಅಣ್ಣನ ಮುಂದೆ ಹಿಡಿದೆ. ಅವರು ಪೆನ್ಸಿಲು ತೆಗೆದುಕೊಂಡು ಹಾಗೆಯೇ ಕೂತರು.

"ಇವತ್ತು ಏನ್ ಬರ್ದೆ, ಓದಿ ಹೇಳವ್ವ" ಎಂದರು. ಹಿಂದೆಂದೂ ಹಾಗೆ ಕೇಳಿದವರಲ್ಲ.

"ಏನೂ ಕಾಣಲಿಲ್ಲ ಅಂತ ಬರೆದೆ ಅಣ್ಣ" ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು.

"ಏನೂ ಇಲ್ಲ ಅನ್ನಕ್ಕೆ ಅಷ್ಟುದ್ದ ಬರೀಬೇಕಾ?"

ಓದು ಬಾರದವರೆಂದು ನಾನು ತಿಳಿದಿದ್ದೆ. ಪೆನ್ಸಿಲಿನ ಗುರುತು ಹಾಳೆಯ ಮೇಲೆ ಎಷ್ಟು ದೂರ ಹೋಗಿದೆ ಎಂಬುದನ್ನು ಅವರು, ಮಣ್ಣಿನ ಮೇಲಿನ ಹೆಜ್ಜೆ ಓದುವ ಹಾಗೆಯೇ, ಓದಿಬಿಟ್ಟಿದ್ದರು. ಈಗ ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. ಇಂಗ್ಲಿಷಿನ ಖಾನೆಗಳಲ್ಲಿ ಒಂದು ಪದ, ಮೂರು ಅಂಕಿ, ಅಷ್ಟೇ ಇತ್ತು. ಅದನ್ನೇ ಅಮ್ಮನ ಹತ್ತಿರ ಆಡುವ ಭಾಷೆಯಲ್ಲಿ, ನನ್ನ ಪಕ್ಕದಲ್ಲೇ ನಡೆದು ಬಂದ ಮನುಷ್ಯನ ಮುಖ ನೋಡಿಕೊಂಡು, "ನಾವು ನಾಲ್ಕು ಜಿಂಕೆ ನೋಡಿದೆವು" ಎನ್ನಲು ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ. ಹೇಳದೆ ದಾರಿಯಿರಲಿಲ್ಲ.

"ನಾನೂ ಜೊತೇಲೇ ಇದ್ನಲ್ಲ, ನಂಗ್ಯಾಕೆ ಕಾಣ್ನಿಲ್ಲ?"

"ಕೂಗು ಕೇಳಿತಲ್ಲ ಅಣ್ಣ..."

"ಕೂಗಿದ್ದು ಜಿಂಕೆ ಅಲ್ಲ ಕಣವ್ವ, ಮುಸುವ."

ಸುಳ್ಳು ಬರೆದದ್ದು ಸಾಲದೆಂದು ಅದನ್ನೂ ತಪ್ಪು ಬರೆದಿದ್ದೆ! ಅವರು ಬೈಯಲಿಲ್ಲ. ಪೆನ್ಸಿಲನ್ನು ನನಗೆ ವಾಪಸು ಕೊಟ್ಟು ಹೇಳಿದರು, "ನಂಗೆ ಓದಕ್ಕೆ ಬರಕ್ಕಿಲ್ಲ. ನೀ ಬರ್ದಿದ್ರ ಕೆಳಗೆ ನನ್ನ ಹೆಸ್ರು ಕೂರ್ತದೆ. ನಾಳೆ ಸಾಹೇಬ್ರು ಕರ್ದು, ಎಲ್ಲಿತ್ತಯ್ಯ ಜಿಂಕೆ ಅಂತ ಕೇಳಿದ್ರೆ ನಾನೇನು ತೋರ್ಸ್ಲಿ?"

ದಿನಗೂಲಿಯವರು. ಕೆಲಸ ಇವತ್ತು ಇದೆ, ನಾಳೆ ಬೇಡವೆಂದರೆ ಇಲ್ಲ. ನಾನು ಹತ್ತು ದಿನ ಕಳೆದು ಡೊಂಬಿವಲಿಗೆ ಹೋಗುವವಳು. ಹಾಳೆಯಲ್ಲಿ ತಪ್ಪು ಸಿಕ್ಕಿದರೆ ಮೊದಲು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನಾಲ್ಕು ಜಿಂಕೆಗಳ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ಸೊನ್ನೆ ಬರೆದೆ, ಸಣ್ಣ ಸಹಿ ಹಾಕಿದೆ. ಆಮೇಲೆ ಅವರು ತಮ್ಮ ಹೆಸರು ಕೆತ್ತಿದರು.

ಅಡ್ಡಗೆರೆ ಎದ್ದು ಕಾಣುತ್ತಿತ್ತು, ಆದ್ದರಿಂದ ಮಧ್ಯಾಹ್ನ ನಮ್ಮ ಮೇಷ್ಟ್ರು ಕೇಳಿದರು, ನಾನು ಇದ್ದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಒಂದು ಹಳೆಯ ಲಕೋಟೆಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. ನಮ್ಮ ಸಾಲು ಇಡೀ ಕಾಡಲ್ಲ, ಕಾಡಿನ ಮಾದರಿ. ನಾಗರಹೊಳೆ 643 ಚದರ ಕಿಲೋಮೀಟರಿನ ಕಾಡು, ನಮ್ಮ ಕಣ್ಣು ತಲುಪುವುದು ಸಾಲಿನ ಎರಡು ಬದಿಯ ಸಣ್ಣ ಪಟ್ಟಿಗೆ. ಆ ಪಟ್ಟಿಯಲ್ಲಿ ಹುಟ್ಟಿಸಿದ ನಾಲ್ಕು ಜಿಂಕೆ ಕಾಡಿನುದ್ದಕ್ಕೂ ಗುಣಿಸಿಕೊಂಡು ಹೋಗಿ ಒಂದು ದೊಡ್ಡ ಹಿಂಡೇ ಆಗಿಬಿಡುತ್ತದೆ. ಹಿಂಡು ಇದೆಯೆಂದು ಕಾಗದ ಹೇಳಿದರೆ ಯಾರೂ ಅದನ್ನು ಕಾಯಲು ಹೋಗುವುದಿಲ್ಲ.

"ಆ ಸಾಲಿನಲ್ಲಿ ಯಾಕೆ ಏನೂ ಇಲ್ಲ, ನಿನ್ನ ಅಣ್ಣನನ್ನು ಕೇಳಿದೆಯಾ?" ಎಂದರು ಮೇಷ್ಟ್ರು. ಕೇಳಿರಲಿಲ್ಲ. ಸಂಜೆ ಕೇಳಿದೆ. ಅಣ್ಣ ಕೈ ಬೀಸಿ ತೋರಿಸಿದರು: ಸಾಲಿನ ಅರ್ಧಕ್ಕೂ ಹೆಚ್ಚು ಭಾಗ ಹಿಂದಿನ ಕಾಲದಲ್ಲಿ ನೆಟ್ಟ ತೇಗದ ತೋಪು, ಅದರ ಅಡಿಯಲ್ಲಿ ತಿನ್ನುವ ಹುಲ್ಲು ಕಡಿಮೆ. ಪಕ್ಕದ ಹಡ್ಲು, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಗಾವಲು, ಆ ಬೇಸಿಗೆಯಲ್ಲಿ ಒಣಗಿ ಬಿರಿದಿತ್ತು. ಇಂಥ ತಿಂಗಳಲ್ಲಿ ಪ್ರಾಣಿಗಳೆಲ್ಲ ಕಬಿನಿಯ ಹಿನ್ನೀರಿನ ಕಡೆಗೆ ಇಳಿಯುತ್ತವೆ. ನೀರು ಇಳಿದಂತೆ ಅಲ್ಲಿ ಹಸಿ ಹುಲ್ಲು ಏಳುತ್ತದೆ. ಮಳೆ ಬಿದ್ದ ಮೇಲೆ ಮತ್ತೆ ಚದರಿ ಮೇಲೆ ಬರುತ್ತವೆ. ನನ್ನ ಸೊನ್ನೆಯಲ್ಲಿ ಇಷ್ಟೆಲ್ಲ ಇತ್ತು. ನಾಲ್ಕು ಜಿಂಕೆ ಬರೆದು ನಾನು ಅದನ್ನೆಲ್ಲ ಅಳಿಸಲು ಹೊರಟಿದ್ದೆ.

ಅಂದಿನಿಂದ ರಾತ್ರಿ ಊಟವಾದ ಮೇಲೆ ಲಾಟೀನಿನ ಬೆಳಕಿನಲ್ಲಿ ಎಲ್ಲ ತಂಡಗಳ ಹಾಳೆಗಳನ್ನೂ ವಾಚರ್‌ಗಳಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸ ನನ್ನದಾಯಿತು. ಶಿಕ್ಷೆಯಾಗಿ ಕೊಟ್ಟರೋ ಏನೋ, ನನಗೆ ಹಾಗನ್ನಿಸಲಿಲ್ಲ. ನನ್ನ ಕುಂದಾಪುರದ ಕನ್ನಡ ಕೇಳಿ ಮೊದಮೊದಲು "ಇದ್ಯಾವ್ ಸೀಮೆ ಮಾತವ್ವ" ಎಂದು ನಗುತ್ತಿದ್ದವರು ಆಮೇಲೆ ತಾವೇ ತಿದ್ದತೊಡಗಿದರು. ಎಂಥೆಂಥ ತಪ್ಪುಗಳು ಸಿಕ್ಕಿದವು ಗೊತ್ತೇ? ಒಬ್ಬಳು ವಾಚರ್ ಹೇಳಿದ "ಕಾಡೆಮ್ಮೆ" ಎಂಬ ಮಾತನ್ನು ಪದಪದವಾಗಿ ಇಂಗ್ಲಿಷಿಗೆ ತಿರುಗಿಸಿ ಕಾಡಿನ ಎಮ್ಮೆ ಎಂದು ಬರೆದಿದ್ದಳು. ಅದು ಎಮ್ಮೆಯೇ ಅಲ್ಲ, ನಮ್ಮ ಹಸುವಿನ ಬಳಗದ ಕಾಟಿ. ನಿಜವಾದ ಕಾಡಿನ ಎಮ್ಮೆ ನಾಗರಹೊಳೆಯಲ್ಲಿ ಇಲ್ಲವೇ ಇಲ್ಲ. ಇನ್ನೊಬ್ಬ "ಕಾಡುಕುರಿ"ಯನ್ನು ಕುರಿ ಎಂದೇ ಬರೆದು ಬಂದಿದ್ದ. ಅದು ನಾಯಿಯಂತೆ ಬೊಗಳುವ ಸಣ್ಣ ಜಾತಿಯ ಜಿಂಕೆ. ನಮ್ಮ ಕನ್ನಡವೂ ಕಡಿಮೆ ತುಂಟಿಯಲ್ಲ ನೋಡಿ: ಮುಳ್ಳುಹಂದಿ ಹಂದಿಯಲ್ಲ, ಚಿಪ್ಪುಹಂದಿಯೂ ಹಂದಿಯಲ್ಲ, ಕಾಡುಪಾಪ ಪಾಪುವಲ್ಲ. ಮನೆಯಲ್ಲಿ ಅರ್ಧ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ದೋಣಿಯಲ್ಲಿ ಕಾಲಿಟ್ಟು ನಾಚಿಕೊಳ್ಳುತ್ತಿದ್ದ ನನ್ನ ಹರಕುಮುರುಕು ಕನ್ನಡ ಒಬ್ಬರಿಗೆ ಬೇಕಾದದ್ದು ಅದೇ ಮೊದಲು.

ಓದಿ ಮುಗಿದ ಮೇಲೆ ಅವರು ತಮ್ಮ ಮಾತು ಆಡುತ್ತಿದ್ದರು. ಅಣ್ಣ ಹುಟ್ಟಿದ್ದು ಆ ಕಾಡಿನ ಒಳಗಿನ ಒಂದು ಹಾಡಿಯಲ್ಲಿ. ಹಾಡಿ ಎಂದರೆ ಕಾಡಿನ ಜನರ ಕೇರಿ. ಜನ ಹೊರಗೆ ಹೋಗಬೇಕು, ಕಾಡು ಪ್ರಾಣಿಗಳಿಗೆ ಇರಬೇಕು ಎಂಬ ಮಾತು ಆಗಲೇ ಜೋರಾಗಿತ್ತು. "ಜಿಂಕೆ ಎಷ್ಟು ಅಂತ ಕೇಳಕ್ಕೆ ಬೊಂಬಾಯಿಂದ ಬಂದಿದ್ದೀಯ. ನಮ್ ಹಾಡೀಲಿ ಎಷ್ಟು ಮನೆ ಅಂತ ಯಾರೂ ಕೇಳಕ್ಕಿಲ್ಲ" ಎಂದು ಒಂದು ರಾತ್ರಿ ಅಂದರು. ಕೋಪದಿಂದಲ್ಲ, ನಾನು ಸೊಳ್ಳೆ ಹೆಚ್ಚು ಎನ್ನುವ ಹಾಗೆ. ನಾನು ಕೇಳಿದೆ, ಅವರು ಬೆರಳು ಮಡಿಸಿ ಹೇಳಿದರು. ಅದನ್ನು ಬರೆಯಲು ನಮ್ಮ ಹಾಳೆಯಲ್ಲಿ ಖಾನೆ ಇರಲಿಲ್ಲ. ಕಾಡಿನ ಜನರ ಹಕ್ಕನ್ನು ಒಪ್ಪುವ ಕಾಯಿದೆ ಬಂದದ್ದು ಹತ್ತು ವರ್ಷಗಳ ಮೇಲೆ, 2006ರಲ್ಲಿ. 2025ರ ಮೇ ತಿಂಗಳಲ್ಲಿ ಕೆಲವು ಜೇನು ಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೆಯ ಹಾಡಿಗೆ ಮರಳಿ ಗುಡಿಸಲು ಹಾಕಿದ ಸುದ್ದಿ ಓದಿದಾಗ ನನಗೆ ಆ ಬೆರಳುಗಳು ನೆನಪಾದವು. ಹುಲಿ ಉಳಿಯಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದಕ್ಕಾಗಿ ಯಾರು ಮನೆ ಬಿಡಬೇಕು, ಅವರನ್ನು ಕೇಳಿಯೇ ಬಿಡಿಸಿದರೋ ಎಂಬ ಪ್ರಶ್ನೆಗೆ ನಾನು ಇನ್ನೂ ಸುಲಭದ ಉತ್ತರ ಕಂಡಿಲ್ಲ. ಸುಲಭದ ಉತ್ತರ ಕೊಡುವವರನ್ನು, ಎರಡು ಕಡೆಯವರನ್ನೂ, ನಾನು ಅಷ್ಟಾಗಿ ನಂಬುವುದಿಲ್ಲ.

ನೀವು ಕೇಳಬಹುದು, ಯಾವುದೋ ಕಾಲದ ನಾಲ್ಕು ಜಿಂಕೆಗೆ ಇಷ್ಟೆಲ್ಲ ಏಕೆ ಎಂದು. 2005ರ ಮೊದಲ ತಿಂಗಳುಗಳಲ್ಲಿ ರಾಜಸ್ಥಾನದ ಸರಿಸ್ಕಾದ ಸುದ್ದಿ ಬಂದಾಗ ನಾನು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದೆ. ಬೆಳಗಿನ ಲೋಕಲಿನಲ್ಲಿ ನಿಂತುಕೊಂಡೇ ಪತ್ರಿಕೆ ಓದಿದೆ. ಹುಲಿ ಯೋಜನೆಯ ಆ ಕಾಡಿನಲ್ಲಿ ಒಂದೇ ಒಂದು ಹುಲಿಯೂ ಉಳಿದಿರಲಿಲ್ಲ, ಕಳ್ಳಬೇಟೆಗಾರರು ಎಲ್ಲವನ್ನೂ ಮುಗಿಸಿದ್ದರು. ಹಿಂದಿನ ವರ್ಷದ ಎಣಿಕೆಯ ಕಾಗದದಲ್ಲಿ ಮಾತ್ರ ಹತ್ತಕ್ಕೂ ಹೆಚ್ಚು ಹುಲಿಗಳು ಆರಾಮವಾಗಿ ಓಡಾಡಿಕೊಂಡಿದ್ದವು. ಆಗ ಎಣಿಸುತ್ತಿದ್ದುದು ಹೆಜ್ಜೆಗುರುತಿನಿಂದ. ಮಣ್ಣಿನ ಮೇಲಿನ ಪಂಜದ ಗುರುತನ್ನು ಗಾಜಿನ ಹಲಗೆಯ ಮೇಲೆ ಬರೆದುಕೊಂಡು, ಇದು ಈ ಹುಲಿ, ಅದು ಆ ಹುಲಿ ಎಂದು ಬೇರ್ಪಡಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಧೂಳಿನಲ್ಲಿ ಇನ್ನೊಂದು ಬಗೆ. ಆ ವಿಧಾನದ ಮೇಲೆ ಮೊದಲಿನಿಂದಲೂ ತಕರಾರು ಎತ್ತಿದ್ದವರಲ್ಲಿ ನಮ್ಮ ಕನ್ನಡಿಗರೇ ಆದ ಡಾ. ಉಲ್ಲಾಸ ಕಾರಂತರು ಮುಖ್ಯರು. ಹುಲಿಯ ಮೈಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರದು ಇನ್ನೊಂದಕ್ಕೆ ಇಲ್ಲ, ಎಡಮೈಯ ಪಟ್ಟೆಯೂ ಬಲಮೈಯ ಪಟ್ಟೆಯೂ ಬೇರೆ. ಆದ್ದರಿಂದ ದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟಿ ಚಿತ್ರ ಹಿಡಿಯುವ ಕೆಲಸವನ್ನು ಅವರು ನಾಗರಹೊಳೆಯಲ್ಲಿ 1990ರ ದಶಕದಲ್ಲೇ ಮಾಡುತ್ತಿದ್ದರು. ಸರಿಸ್ಕಾದ ನಂತರ ದೇಶವೆಲ್ಲ ಹೆಜ್ಜೆಯ ಲೆಕ್ಕ ಬಿಟ್ಟು ಕ್ಯಾಮೆರಾಕ್ಕೆ ಬಂತು. 2008ರಲ್ಲಿ ರಣಥಂಬೋರಿನಿಂದ ಹೆಲಿಕಾಪ್ಟರಿನಲ್ಲಿ ಹುಲಿ ತಂದು ಸರಿಸ್ಕಾದಲ್ಲಿ ಬಿಟ್ಟರು.

ಸರಿಸ್ಕಾದಲ್ಲಿ ಯಾರು ಯಾಕೆ ಏನು ಬರೆದರು ಎಂದು ತೀರ್ಪು ಕೊಡಲು ನಾನು ಯಾರು? ಆದರೆ ಇಲ್ಲದ್ದನ್ನು ಬರೆಯುವ ಕೈ ಹೇಗಿರುತ್ತದೆಂದು ನನಗೆ ಗೊತ್ತು. ಅದು ಕಳ್ಳನ ಕೈಯಾಗಿರಬೇಕೆಂದಿಲ್ಲ. ಹಾಳೆ ಖಾಲಿ ಕೊಡಲು ನಾಚಿದ ಹುಡುಗಿಯ ಕೈಯೂ ಆಗಿರಬಹುದು. ಥಾಣೆ ಬರುವವರೆಗೂ ನನಗೆ ಕೂರಲು ಜಾಗ ಸಿಕ್ಕಿದ್ದು ತಿಳಿಯಲೇ ಇಲ್ಲ.

ಈಗ ಕಾಲ ಬದಲಾಗಿದೆ. ಕಾವಲುಗಾರರ ಕೈಯಲ್ಲೇ ಮೊಬೈಲು ಇದೆ, ನಡೆದ ದಾರಿಯನ್ನು ಉಪಗ್ರಹ ಬರೆದುಕೊಳ್ಳುತ್ತದೆ, ದೂರ ಅಳೆಯಲು ಲೇಸರ್ ಬಂದಿದೆ. ನಾಗರಹೊಳೆ 1999ರಲ್ಲಿ ಹುಲಿ ಯೋಜನೆಗೆ ಸೇರಿತು. 2022ರ ಎಣಿಕೆಯಲ್ಲಿ ದೇಶದಲ್ಲಿ 3,682 ಹುಲಿಗಳೆಂದು ಅಂದಾಜು ಬಂತು, ಕರ್ನಾಟಕದಲ್ಲಿ 563, ಮಧ್ಯಪ್ರದೇಶದ ನಂತರ ಎರಡನೆಯ ಸ್ಥಾನ. ಸಂತೋಷದ ಸಂಗತಿ. ಆದರೂ ಸಾಲಿನ ಮೇಲೆ ನಡೆಯುವ ಕೆಲಸ ನಿಂತಿಲ್ಲ. ಹುಲಿಯ ಪಟ್ಟೆ ಕ್ಯಾಮೆರಾಕ್ಕೆ ಸಿಗುತ್ತದೆ, ಜಿಂಕೆಯ ಹಿಂಡಿಗೆ ಇನ್ನೂ ಮನುಷ್ಯನ ಕಣ್ಣು ಬೇಕು.

ಹೊರಟಿರುವ ಮೂವರಿಗೆ ಎರಡು ಮಾತು. ಬಣ್ಣದ ಅಂಗಿ, ಸೆಂಟು, ಗಲಗಲ ಎನ್ನುವ ಪ್ಲಾಸ್ಟಿಕ್ ಚೀಲ ಮನೆಯಲ್ಲೇ ಬಿಡಿ. ಮೊದಲ ದಿನವೇ ನಿಮ್ಮ ಜೊತೆ ನಡೆಯುವವರ ಹತ್ತಿರ ಪ್ರಾಣಿಗಳ ಹೆಸರನ್ನು ಅವರ ಬಾಯಲ್ಲೇ ಕೇಳಿ, ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ನಿಮ್ಮ ಕನ್ನಡಕ್ಕೆ ಅವರು ನಕ್ಕರೆ ನೀವೂ ನಕ್ಕುಬಿಡಿ. ಸಂಜೆ ಹಾಳೆಯನ್ನು ಅವರಿಗೆ ಓದಿ ಹೇಳಿ, ಅವರು ಕೇಳದಿದ್ದರೂ.

ನನ್ನ ಕೊನೆಯ ದಿನದ ಹಾಳೆಯ ಕಾರ್ಬನ್ ಪ್ರತಿಯನ್ನು ಮೇಷ್ಟ್ರು ನನಗೆ ಇಟ್ಟುಕೊಳ್ಳಲು ಕೊಟ್ಟರು. ಅದು ನನ್ನ ಹತ್ತಿರ ಇನ್ನೂ ಇದೆ, ಬಣ್ಣ ಮಾಸಿದೆ. ಜಿಂಕೆ ಸೊನ್ನೆ, ಕಡವೆ ಒಂದು, ದೂರ 27 ಮೀಟರ್. ಕೆಳಗೆ ಅಣ್ಣನ ಹೆಸರು. ಅದರ ಪಕ್ಕದಲ್ಲಿ, ಜೀವನದಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಹಾಕಿದ ನನ್ನ ಸಹಿ. ಎರಡರಲ್ಲಿ ಯಾವುದು ಶಾಲೆಗೆ ಹೋದವರದು ಎಂದು ಹೇಳಲು ನಿಮಗೆ ಸ್ವಲ್ಪ ಹೊತ್ತು ಬೇಕಾದೀತು. ನೋಡಬೇಕೆನ್ನುವವರು ಶನಿವಾರ ಸಂಜೆ ಐದರ ಮೇಲೆ ಗ್ರಂಥಾಲಯಕ್ಕೆ ಬನ್ನಿ. ಕಂಪಾಸು ಕೂಡ ಇದೆ, ತೆಗೆದುಕೊಂಡು ಹೋಗಿ, ಆದರೆ ಜೂನ್‌ನಲ್ಲಿ ಶಾಲೆ ಕಾಲೇಜು ತೆರೆಯುವ ಮೊದಲು ವಾಪಸು ತಂದುಕೊಡಬೇಕು.